ಲಾಸ್ಯ ಹೇಳಿದ್ದು

ಲಾಸ್ಯಳಿಗೆ ಮೊಸರು ಬೇಕಿತ್ತು. ತಟ್ಟೆಯ ಮುಂದೆ ಕೂತು ಅನ್ನದಲ್ಲಿ ಬೆರಳಾಡಿಸುತ್ತ, "ಅದು... ಅದು ಹಾಕು" ಎಂದಳು.

"ಅದು ಅಂದ್ರೆ ಯಾವುದಮ್ಮ?" ತಾಯಿ ಸತ್ಯವೇಣಿ ಸೌಟು ಕೆಳಗಿಟ್ಟು ಕೇಳಿದಳು.

"ಅದು. ಬಿಳೀದು. ತಣ್ಣಗೆ..." ಹುಡುಗಿ ಕಣ್ಣು ಮುಚ್ಚಿದಳು. ಹುಬ್ಬು ಗಂಟಿಕ್ಕಿತು. ಆಮೇಲೆ ಸಿಕ್ಕಿಬಿಟ್ಟಿತೆಂಬ ಖುಷಿಯಲ್ಲಿ ಕೂಗಿದಳು: "ಸುಣ್ಣ!"

ಗೋಡೆಗೊರಗಿ ಕೂತಿದ್ದ ಅಜ್ಜ ಅಬ್ಬುಲು ಹೊಟ್ಟೆ ಕುಣಿಸಿ ನಕ್ಕ. "ಹಾಕಮ್ಮ ಹಾಕು. ಎಲೆ ಅಡಿಕೇನೂ ಕೊಟ್ಬಿಡು, ಊಟ ಮುಗೀತು."

ಹುಡುಗಿಯ ಮುಖ ಸಣ್ಣದಾಯಿತು. ತಪ್ಪಿದೆನೆಂದು ಅವಳಿಗೆ ಗೊತ್ತಾಗುತ್ತಿತ್ತು. ಮೊಸರು ಯಾವುದು, ಸುಣ್ಣ ಯಾವುದು ಎಂದು ತೋರಿಸೆಂದರೆ ಸರಿಯಾಗಿಯೇ ತೋರಿಸುತ್ತಿದ್ದಳು. ಬಾಯಿಗೆ ಮಾತ್ರ ಬೇಕಾದ ಮಾತು ಬರುತ್ತಿರಲಿಲ್ಲ, ಅದರ ಪಕ್ಕದ್ದೊಂದು ಬಂದು ನಿಲ್ಲುತ್ತಿತ್ತು. ಅಜ್ಜಿ ಮಂಗತಾಯಾರುವಿಗೆ ಆ ಮುಖ ನೋಡಲಾಗಲಿಲ್ಲ. ಎದ್ದು ಹೋಗಿ ಮೊಸರಿನ ಗಡಿಗೆಯನ್ನೇ ತಂದು ತಟ್ಟೆಗೆ ಸುರಿದಳು.

"ಅತ್ತಯ್ಯ! ಹತ್ತು ಎಣಿಸೋವರೆಗೂ ಕೊಡಬಾರದು ಅಂತ ಮಾತು ಕಲಿಸೋ ಮೇಡಂ ಹೇಳಿಲ್ವಾ? ಅವಳೇ ಹುಡುಕ್ಕೊಳ್ಳಬೇಕು." ಸತ್ಯವೇಣಿ ರೇಗಿದಳು.

"ಹಸಿದ ಮಗೂನ ಮುಂದೆ ಕೂರಿಸ್ಕೊಂಡು ಲೆಕ್ಕ ಮಾಡ್ತಾರೇನೆ? ನಿನ್ನ ಮೇಡಮ್ಮನಿಗೆ ಮಕ್ಕಳಿದಾವಾ?"

"ನೀವು ಹೀಗೆ ಬಾಯಿಗೆ ಮುಂಚೆ ಕೈಗೆ ಕೊಟ್ಟು ಕೊಟ್ಟೇ ಅವಳಿಗೆ ಮಾತು ಬೇಡವಾಗಿದೆ."

"ಹ್ಞಾ, ನಾನೇ ಕದ್ದಿಟ್ಕೊಂಡಿದೀನಿ, ಸೆರಗಲ್ಲಿ ಕಟ್ಕೊಂಡು. ಬಾ, ಬಿಚ್ಚಿ ನೋಡು."

ರಾಜಮಂಡ್ರಿ ಪಕ್ಕದ ಕಡಿಯಂ ಸೀಮೆಯಲ್ಲಿ ಮಂಗತಾಯಾರುವಿನ ನಾಲಿಗೆಗೆ ಹೆದರದವರು ಕಡಿಮೆ. ಆ ಸೀಮೆಯಲ್ಲಿ ಎಲ್ಲರದೂ ಸಸಿ ಬೆಳೆಸುವ ಕಸುಬು. ಇವರದು ಅರ್ಧ ಎಕರೆ. ಮನೆಯ ಹಿಂಬಾಗಿಲು ದಾಟಿದರೆ ಹಸಿರು ಬಲೆಯ ನೆರಳು, ಅದರಡಿ ಕಪ್ಪು ಚೀಲಗಳಲ್ಲಿ ದಾಸವಾಳ, ಕ್ರೋಟನ್, ನಂದಿಬಟ್ಟಲು ಸಾಲುಸಾಲಾಗಿ. ಅಬ್ಬುಲು ಕಸಿ ಕಟ್ಟುತ್ತಿದ್ದ, ನೀರು ಬಿಡುತ್ತಿದ್ದ. ಹೆಂಗಸರು ಮಣ್ಣು ಗೊಬ್ಬರ ಕಲಸಿ ಚೀಲ ತುಂಬುತ್ತಿದ್ದರು. ಮಗ ವೀರಬಾಬು ಬಾಡಿಗೆ ವ್ಯಾನಿನಲ್ಲಿ ಸಸಿ ಹೇರಿಕೊಂಡು ವಿಜಯನಗರಂ, ಒಡಿಶಾದ ಬ್ರಹ್ಮಪುರದವರೆಗೆ ಹೋಗುತ್ತಿದ್ದ. ಹೋದರೆ ನಾಲ್ಕು ದಿನ, ಬಂದರೆ ಎರಡು ದಿನ.

ಲಾಸ್ಯಳಿಗೆ ಐದು ತುಂಬಿ ಆರು ನಡೆಯುತ್ತಿತ್ತು. ಜೂನಿನಲ್ಲಿ ಶಾಲೆಗೆ ಹಾಕಿದಾಗ ಟೀಚರು ಹದಿನೈದು ದಿನ ನೋಡಿ ಸತ್ಯವೇಣಿಯನ್ನು ಕರೆಸಿದ್ದರು. ಹುಡುಗಿ ಹೆಸರು ಕೇಳಿದರೆ ಹೇಳುತ್ತಾಳೆ, ಹಾಡಿಗೆ ತಲೆಯಾಡಿಸುತ್ತಾಳೆ, ಚಿತ್ರ ತೋರಿಸಿ ಇದೇನೆಂದರೆ ಮಾತ್ರ ಅಳುತ್ತಾಳೆ. ಮಕ್ಕಳು ಅವಳನ್ನು 'ಅದು' ಎಂದೇ ಕರೆಯತೊಡಗಿದ್ದರು. ಅದು ಬಂತು ನೋಡ್ರೋ, ಅದು ಬಂತು. ಆವತ್ತು ಮನೆಗೆ ಬಂದ ಸತ್ಯವೇಣಿ ಯಾರ ಹತ್ತಿರವೂ ಮಾತಾಡದೆ ಮುನ್ನೂರು ಚೀಲ ತುಂಬಿದ್ದಳು. ಮರುವಾರದಿಂದ ಮಂಗಳವಾರ, ಶುಕ್ರವಾರ ಮಗಳನ್ನು ಕರೆದುಕೊಂಡು ರಾಜಮಂಡ್ರಿಯ ಬಸ್ಸು ಹತ್ತತೊಡಗಿದಳು. ಅಲ್ಲಿ ಸುವಾರ್ತ ಮೇಡಂ ಎಂಬವರು ಇಂಥ ಮಕ್ಕಳಿಗೆ ಮಾತು ಕಲಿಸುತ್ತಿದ್ದರು.

ಆ ಎರಡು ದಿನ ಚೀಲದ ಕೆಲಸವೆಲ್ಲ ಮಂಗತಾಯಾರುವಿನ ಸೊಂಟಕ್ಕೆ ಬೀಳುತ್ತಿತ್ತು. ವೀರಬಾಬು ಊರಿಗೆ ಬಂದ ದಿನ ಅವನ ಊಟದ ಹೊತ್ತಿಗೇ ಅವಳು ಮಾತು ತೆಗೆದಳು.

"ವಾರಕ್ಕೆರಡು ಸಲ ಪೇಟೆ. ಅಲ್ಲಿ ಏನು ಕಲಿಸ್ತಾರೆ ಗೊತ್ತಾ? ಬಾಚಣಿಗೆ ತೋರಿಸಿ ಇದೇನು ಅಂತಾರಂತೆ. ಅದನ್ನ ನಾನು ತೋರಿಸಿದ್ರೆ ಆಗಲ್ವಾ? ನಮ್ಮನೇಲಿ ಬಾಚಣಿಗೆ ಇಲ್ವಾ?"

"ನಾನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು ಅಂತೀಯಲ್ಲಮ್ಮ. ತಾನಾಗೇ ಬರುತ್ತೆ ಬಿಡು."

"ಇವಳಿಗೆ ಆರಾಗ್ತಾ ಬಂತು ಕಣ್ರೀ," ಸತ್ಯವೇಣಿ ಅನ್ನ ಬಡಿಸುತ್ತಲೇ ಹೇಳಿದಳು. "ತಾನಾಗೇ ಬರೋದಾಗಿದ್ರೆ ಇಷ್ಟು ಹೊತ್ತಿಗೆ ದಾರೀಲಾದ್ರೂ ಇರಬೇಕಿತ್ತು."

ಅಬ್ಬುಲು ಬಾಯಲ್ಲಿದ್ದದ್ದನ್ನು ನುಂಗಿ, "ಹೋಗಿ ಬರ್ಲಿ ಬಿಡೇ. ನಿನಗೆ ಸೊಂಟ ನೋವಾದ್ರೆ ಆ ಎರಡು ದಿನ ಚೀಲ ನಾನು ತುಂಬ್ತೀನಿ" ಎಂದ.

"ನೀನು ತುಂಬಿದ ಚೀಲ ಎತ್ತಿದ್ರೆ ತಳಾನೇ ಇರಲ್ಲ."

"ತಳ ಇಲ್ದೆ ಇರೋದನ್ನ ನಲವತ್ತು ವರ್ಷದಿಂದ ತುಂಬ್ತಾ ಇದೀನಲ್ಲ, ನಿನ್ನ ಹೊಟ್ಟೇನ."

ಲಾಸ್ಯ ನಕ್ಕಳು. ಅಜ್ಜ ಏನು ಹೇಳಿದರೂ ಅವಳು ನಗುತ್ತಿದ್ದಳು. ಅವಳು ಅತಿ ಹೆಚ್ಚು ಮಾತಾಡುತ್ತಿದ್ದುದೂ ಅವನ ಜೊತೆಯೇ. ಅಬ್ಬುಲುವಿಗೆ ಒಂದು ಕಿವಿ ಮಂದ, ಯಾವುದಕ್ಕೂ ಅವಸರವಿಲ್ಲ. ಅವಳು 'ಅದು' ಎಂದರೆ 'ಹೂಂ, ಅದೇ' ಎನ್ನುತ್ತಿದ್ದ. ಇಬ್ಬರೂ ಸಾಲುಗಳ ನಡುವೆ ಹೋಗಿ ಗಂಟೆಗಟ್ಟಲೆ ಅದರ ಬಗ್ಗೆಯೇ ಮಾತಾಡಿ ಬರುತ್ತಿದ್ದರು.

ಒಂದು ಶುಕ್ರವಾರ ಸತ್ಯವೇಣಿಗೆ ಜ್ವರ ಬಂದು ಮಂಗತಾಯಾರುವೇ ಮೊಮ್ಮಗಳನ್ನು ಕರೆದೊಯ್ಯಬೇಕಾಯಿತು. ಸುವಾರ್ತ ಮೇಡಂ ತೀರ ಚಿಕ್ಕ ವಯಸ್ಸಿನ, ಹತ್ತಿ ಸೀರೆಯ ಹೆಂಗಸು. ಕೊಡೆಯ ಚಿತ್ರ ತೋರಿಸಿದರು. ಲಾಸ್ಯ ತಡವರಿಸಿದಳು.

"ಗೊತ್ತಾಗದಿದ್ರೆ ಪರವಾಗಿಲ್ಲ. ಅದು ಏನು ಮಾಡುತ್ತೆ ಹೇಳು. ಎಲ್ಲಿರುತ್ತೆ? ಹೇಗಿರುತ್ತೆ?"

"ಮಳೆ... ನೆನೆಯಲ್ಲ. ಬಾಗಿಲ ಹಿಂದೆ."

"ಕೊಡೆ ಕಣೇ!" ಮಂಗತಾಯಾರುವಿಗೆ ತಡೆಯಲಾಗಲಿಲ್ಲ.

ಮೇಡಂ ನಕ್ಕರು. "ಅಮ್ಮ, ನಿಮಗೆ ಬರುತ್ತೆ ಅಂತ ನನಗೆ ಗೊತ್ತು." ಆಮೇಲೆ ಮೆತ್ತಗೆ ಹೇಳಿದರು: "ಅವಳ ತಲೇಲಿ ಮಾತಿದೆ. ಬಾಗಿಲು ಬಿಗಿ, ಅಷ್ಟೆ. ನಾವು ಹೊರಗಿಂದ ಒದ್ದು ತೆಗೆದ್ರೆ ಅವಳು ಒಳಗಿಂದ ತಳ್ಳೋದನ್ನೇ ಬಿಟ್ಟುಬಿಡ್ತಾಳೆ."

ಬಸ್ಸಿನಲ್ಲಿ ಮಂಗತಾಯಾರು ಅದನ್ನೇ ಯೋಚಿಸುತ್ತ ಬಂದಳು. ಮೇಡಂ ಮೇಲಿನ ಸಿಟ್ಟು ಪೂರ್ತಿ ಹೋಗಲಿಲ್ಲ. ಆದರೂ ಮರುದಿನದಿಂದ ಸೊಸೆ ನೋಡದಿರುವಾಗ ಅವಳೂ ತುಟಿ ಕಚ್ಚಿಕೊಂಡು ಹತ್ತು ಎಣಿಸತೊಡಗಿದಳು. ಏಳಕ್ಕಿಂತ ಮುಂದೆ ಹೋಗುತ್ತಿರಲಿಲ್ಲ, ಅಷ್ಟೆ.

ಶ್ರಾವಣ ಕಳೆಯುವಷ್ಟರಲ್ಲಿ ಫಲ ಕಾಣಿಸಿತು. "ಅಪ್ಪನ ವ್ಯಾನು ಬಂತು" ಎಂದಳು ಲಾಸ್ಯ ಒಂದು ದಿನ, ಹೊರಗೆ ಸದ್ದು ಕೇಳಿ. ಮೂರು ಮಾತು, ಮೂರೂ ಸರಿ. ಸತ್ಯವೇಣಿ ಪಕ್ಕದ ಮನೆಗಳಿಗೆಲ್ಲ ಬೆಲ್ಲ ಹಂಚಿದಳು. ಮಂಗತಾಯಾರು, "ವ್ಯಾನು ಬಂದದ್ದಕ್ಕೆ ಬೆಲ್ಲ, ಮದುವೆಗೆ ಏನು ಹಂಚ್ತೀಯೆ?" ಎಂದು ಅಣಕಿಸಿದಳು. ಆದರೆ ಬೆಲ್ಲದುಂಡೆ ಎರಡು ತಿಂದಳು.

ವಿನಾಯಕ ಚೌತಿ ಕಳೆದ ನಾಲ್ಕನೆಯ ದಿನ ಅದು ನಡೆಯಿತು. ಬೆಳಗ್ಗೆ ಮಳೆ ಬಂದು ಬಿಟ್ಟಿತ್ತು. ಮಧ್ಯಾಹ್ನ ಮೂರರ ಹೊತ್ತು. ಸತ್ಯವೇಣಿ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದಳು. ಮಂಗತಾಯಾರು ಒಳಗೆ ಒಣಸೀಗಡಿ ಹುರಿಯುತ್ತಿದ್ದಳು. ಅಜ್ಜ ಮೊಮ್ಮಗಳು ಹಿತ್ತಲಲ್ಲಿದ್ದರು.

ಲಾಸ್ಯ ಒಬ್ಬಳೇ ಬಂದಳು. ಬಂದವಳು ತಾಯಿಯ ಮುಂದೆ ನಿಂತಳು.

"ತಾತಂಗೆ... ತಾತಂಗೆ ಪೈಪು ಕಚ್ತು."

ಸತ್ಯವೇಣಿ ಸೊಪ್ಪು ಬಿಟ್ಟಳು. ಅವಳ ಮುಖ ಅರಳಿತು. "ಅತ್ತಯ್ಯ, ಕೇಳಿದ್ರಾ? ಎಷ್ಟು ಚೆನ್ನಾಗಿ ಹೇಳಿದ್ಲು! ತಾತಂಗೆ ಪೈಪು ಕಚ್ತಂತೆ!"

ಮಂಗತಾಯಾರು ಒಲೆಯ ಮುಂದಿನಿಂದಲೇ ನಕ್ಕಳು. "ಬಾಯಿ ಬಂದಿದೆ ಪೈಪಿಗೂ. ಆ ಮುದುಕನ್ನ ಯಾವುದು ತಾನೇ ಕಚ್ಚಲ್ಲ?"

"ಪೈಪು ಕಚ್ಚಲ್ಲ ಕಂದ," ಸತ್ಯವೇಣಿ ಮಗಳ ಎರಡೂ ಕೈ ಹಿಡಿದು ಎದುರಿಗೆ ಕೂರಿಸಿಕೊಂಡಳು. "ಸರಿಯಾಗಿ ಹುಡುಕು. ಕಚ್ಚೋದು ಯಾವುದು? ಇರುವೆನಾ?"

"ಅಲ್ಲ. ಪೈಪು. ಅಲ್ಲ, ಪೈಪಲ್ಲ... ಅದು."

"ಅವಸರ ಬೇಡ. ಹೇಗಿರುತ್ತೆ? ಎಲ್ಲಿರುತ್ತೆ?"

"ಉದ್ದ. ಚೀಲದ... ಚೀಲದ ಹಿಂದೆ." ಹುಡುಗಿ ಅಳತೊಡಗಿದಳು. "ತಾತ!"

"ಅಳಬಾರದು. ಮೇಡಂ ಏನು ಹೇಳಿದ್ದಾರೆ? ಅಮ್ಮ ಕಾಯ್ತಾಳೆ, ನೀನು ಹುಡುಕು. ಒಂದು... ಎರಡು..."

ಒಳಗೆ ಸೀಗಡಿ ಸಿಡಿಯುತ್ತಿತ್ತು. ಸೊಸೆ ಎಣಿಸುತ್ತಿದ್ದುದು ಮಂಗತಾಯಾರುವಿಗೆ ಕೇಳಿಸುತ್ತಿತ್ತು. ಎಣಿಸಲಿ ಎಂದುಕೊಂಡಳು. ಆವತ್ತು ಅವಳು ನಡುವೆ ಬಾಯಿ ಹಾಕಲಿಲ್ಲ.

ಲಾಸ್ಯ ಕೈ ಕಿತ್ತುಕೊಂಡಳು. ನೆಲದ ಮೇಲೆ ಬೋರಲು ಮಲಗಿದಳು. ಒಂದು ತೋಳನ್ನು ಮಣ್ಣಿನಲ್ಲಿ ಸುತ್ತಿ ಸುತ್ತಿ ಸರಿಸಿದಳು. ಆಮೇಲೆ ಅಂಗೈ ಅಗಲಿಸಿ ಮೇಲಕ್ಕೆತ್ತಿ, ತಾಯಿಯ ಪಾದಕ್ಕೆ ಬಡಿದಳು.

ಸತ್ಯವೇಣಿಯ ಕಿರುಚಾಟಕ್ಕೆ ಮಂಗತಾಯಾರುವಿನ ಕೈಯಿಂದ ಬಾಣಲೆ ಬಿತ್ತು.

ಅಬ್ಬುಲು ದಾಸವಾಳದ ಸಾಲಿನ ಕೊನೆಯಲ್ಲಿ ಮಣ್ಣಿನ ಗುಡ್ಡೆಗೊರಗಿ ಕೂತಿದ್ದ. ತಲೆಗೆ ಸುತ್ತಿದ್ದ ಟವೆಲು ಮೊಣಕಾಲ ಕೆಳಗೆ ಬಿಗಿದಿತ್ತು. ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಹೆಂಡತಿಯನ್ನು ನೋಡಿ ಏನೋ ಹೇಳಲು ಹೋದ. ನಾಲಿಗೆ ಹೊರಳಲಿಲ್ಲ, ಜೊಲ್ಲು ಮಾತ್ರ ಸುರಿಯಿತು. ಅಕ್ಕಪಕ್ಕದವರು ಬಂದರು, ಆಟೋ ಬಂತು. ಪೇಟೆಯ ಆಸ್ಪತ್ರೆಯ ಬಾಗಿಲಲ್ಲಿ ಅವನನ್ನು ಇಳಿಸಿದಾಗ ಇನ್ನೂ ಉಸಿರಿತ್ತು. ಸೂಜಿ ಚುಚ್ಚಿದರು, ಗಂಟಲಿಗೆ ಕೊಳವೆ ಹಾಕಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಕನ್ನಡಕ ತೆಗೆದರು.

ಹನ್ನೊಂದು ದಿನವೂ ನೆಂಟರು ಬರುತ್ತಲೇ ಇದ್ದರು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ: ಹೇಗಾಯಿತು? ಯಾರೂ ಇರಲಿಲ್ಲವೇ? ಮಂಗತಾಯಾರು ಪ್ರತಿ ಸಲವೂ ಹೇಳಿದಳು. "ಇದ್ದಳಲ್ಲ, ಮೊಮ್ಮಗಳು. ಕಣ್ಣಾರೆ ನೋಡಿದಾಳೆ. ಬಂದು ಹೇಳಿದಾಳೆ ಕೂಡ. ಒಂದು ಮಾತು ಕಣಮ್ಮ, ಹಾವು ಅನ್ನೋ ಒಂದೇ ಒಂದು ಮಾತು ಬಂದಿದ್ರೆ ನನ್ನ ಕುಂಕುಮ ಉಳೀತಿತ್ತು. ಇವಳ ತಾಯಿ ಅಲ್ಲೇ ಕೂತು ಪಾಠ ಹೇಳ್ಕೊಡ್ತಾ ಇದ್ಲು."

ತಾನು ಒಲೆಯ ಮುಂದೆ ಕೂತು ನಕ್ಕಿದ್ದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಅದನ್ನು ಸತ್ಯವೇಣಿಯೂ ಹೇಳಲಿಲ್ಲ. ಅತ್ತೆ ಹೇಳುವಾಗೆಲ್ಲ ಅವಳು ತಲೆ ತಗ್ಗಿಸಿಕೊಂಡು ಪಾತ್ರೆ ತಿಕ್ಕುತ್ತಿದ್ದಳು.

ಮೂಲೆಯಲ್ಲಿ ಕೂತ ಲಾಸ್ಯ ಎಲ್ಲವನ್ನೂ ಕೇಳಿಸಿಕೊಂಡಳು. ಮಾತು ಬಾರದವರಿಗೆ ಕಿವಿಯೂ ಇಲ್ಲವೆಂದು ದೊಡ್ಡವರು ತಿಳಿದಿದ್ದರು. ಹನ್ನೆರಡನೆಯ ದಿನ ಯಾರೋ ಗಮನಿಸಿದರು, ಹುಡುಗಿ ಮಾತಾಡಿ ಒಂದು ವಾರದ ಮೇಲಾಗಿದೆ ಎಂದು. 'ಅದು' ಎಂಬುದೂ ನಿಂತಿತ್ತು. ಹಸಿವಾದರೆ ಬಂದು ತಟ್ಟೆಯ ಮುಂದೆ ಕೂರುತ್ತಿದ್ದಳು. ಹಾಕಿದ್ದನ್ನು ತಿನ್ನುತ್ತಿದ್ದಳು.

ಸತ್ಯವೇಣಿ ಪೇಟೆಗೆ ಹೋಗುವುದನ್ನು ಬಿಟ್ಟಳು. ಮೇಡಂ ಕೊಟ್ಟಿದ್ದ ಚಿತ್ರದ ಕಾರ್ಡುಗಳನ್ನೆಲ್ಲ ನೀರೊಲೆಗೆ ಹಾಕಿದಳು. ವೀರಬಾಬು ವ್ಯಾನು ಬಿಟ್ಟು ಅಪ್ಪನ ಜಾಗದಲ್ಲಿ ಕಸಿ ಕಟ್ಟಲು ನಿಂತ; ಅವನು ಕಟ್ಟಿದ ಕಸಿಯಲ್ಲಿ ಅರ್ಧ ಒಣಗಿದವು. ಹೆಂಡತಿಯ ಜೊತೆ ಅವನು ಮಾತಾಡುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ಸಾರಿಗೆ ಉಪ್ಪು ಹೆಚ್ಚಾಗಿತ್ತು.

"ಇದನ್ನ ತಿನ್ನೋದು ಹೇಗೆ?" ಅವನು ತಟ್ಟೆ ತಳ್ಳಿದ.

"ಬೇರೆ ಮಾಡ್ತೀನಿ. ಒಂದು ನಿಮಿಷ ಇರಿ."

"ನಿಮಿಷ! ನಿಮಿಷದ ಬೆಲೆ ನಿನಗೆ ಗೊತ್ತೇನೆ? ಅಲ್ಲಿ ನಮ್ಮಪ್ಪ ಸಾಯ್ತಿದ್ದ, ಇಲ್ಲಿ ನೀನು ಒಂದು ಎರಡು ಅಂತ ಎಣಿಸ್ತಾ ಕೂತಿದ್ದೆ."

ಸತ್ಯವೇಣಿ ಸಾರಿನ ಪಾತ್ರೆ ಕೆಳಗಿಟ್ಟಳು. ಅವಳು ಒಮ್ಮೆ ಅತ್ತೆಯ ಕಡೆ ನೋಡಿದಳು, ಅಷ್ಟೆ. ಆ ನೋಟದಲ್ಲಿ ದೂರಿರಲಿಲ್ಲ. ದೂರಿದ್ದಿದ್ದರೆ ಮಂಗತಾಯಾರು ಜಗಳಕ್ಕೆ ಬೀಳುತ್ತಿದ್ದಳು.

"ನಾನೂ ಇದ್ದೆ ಕಣೋ," ಎಂದಳು.

"ಏನಮ್ಮ?"

"ನಾನೂ ಇದ್ದೆ ಅಂದೆ. ಒಲೆ ಮುಂದೆ. ಪೈಪು ಕಚ್ತು ಅಂತ ಮಗು ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ನಕ್ಕೆ. ಆ ಮುದುಕನ್ನ ಯಾವುದು ಕಚ್ಚಲ್ಲ ಅಂದೆ." ಅವಳು ಸೊಸೆಯ ಕಡೆ ಕೈ ತೋರಿಸಿದಳು. "ಇವಳಾದ್ರೂ ಕೇಳ್ತಾ ಇದ್ಲು, ಏನು ಕಚ್ತು, ಏನು ಕಚ್ತು ಅಂತ. ನಾನು ಅದೂ ಕೇಳಲಿಲ್ಲ. ಬೈಯೋದಾದ್ರೆ ಮೊದಲು ನನ್ನ ಬೈಯಿ."

ವೀರಬಾಬು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಎದ್ದು ಕೈತೊಳೆದು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಗಂಡಸಿನ ಅಳು ಕೇಳಿಸಿತು. ಇಬ್ಬರೂ ಹೆಂಗಸರು ಅಡಿಗೆಮನೆ ಬಿಟ್ಟು ಅಲ್ಲಾಡಲಿಲ್ಲ.

ಮರಣಪತ್ರದ ಕೆಲಸವಿತ್ತು. ಮಾರನೆಯ ದಿನ ಮಂಗತಾಯಾರು ತಾನೇ ಪೇಟೆಗೆ ಹೋದಳು. ಕಾಗದ ಕೈಗೆ ಬಂದ ಮೇಲೂ ಹೊರಡದೆ ಡಾಕ್ಟರ ಕೋಣೆಯ ಮುಂದೆ ಎರಡು ಗಂಟೆ ಕಾದಳು.

"ಡಾಕ್ಟರ್ ಬಾಬು, ಒಂದು ಮಾತು. ಹತ್ತು ನಿಮಿಷ ಮೊದಲು ಕರ್ಕೊಂಡು ಬಂದಿದ್ರೆ ಬದುಕ್ತಿದ್ನಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೇಳೋಕಾಗಲ್ಲಮ್ಮ. ಬದುಕಿದವರೂ ಇದ್ದಾರೆ. ಇಲ್ಲದವರೂ ಇದ್ದಾರೆ."

"ಹಾಗಾದ್ರೆ ಬದುಕಬಹುದಿತ್ತು."

"ಬದುಕಬಹುದಿತ್ತು. ಬದುಕದೇನೂ ಇರಬಹುದಿತ್ತು."

ಬಸ್ಸಿನಲ್ಲಿ ಆ ಮಾತನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಮನೆಗೆ ಬಂದು ಕಾಲು ತೊಳೆದು, ಸೊಸೆ ಕೊಟ್ಟ ಮಜ್ಜಿಗೆ ಕುಡಿದಳು. ಲೋಟ ಕೆಳಗಿಟ್ಟು, ಅವಳ ಮುಖ ನೋಡದೆ ಹೇಳಿದಳು:

"ಡಾಕ್ಟರನ್ನ ಕೇಳಿದೆ. ಅದು ಮುದಿ ನಾಗರಹಾವಂತೆ. ಆಸ್ಪತ್ರೆ ಬಾಗಿಲಲ್ಲೇ ಕಚ್ಚಿದ್ರೂ ಉಳಿಸೋಕಾಗ್ತಿರಲಿಲ್ಲ ಅಂದ್ರು. ಹತ್ತು ನಿಮಿಷ ಅಲ್ಲ, ಒಂದು ಗಂಟೆ ಮುಂಚೆ ಬಂದಿದ್ರೂ ಅಷ್ಟೇನಂತೆ."

ಸತ್ಯವೇಣಿ ಅಲ್ಲೇ ನೆಲಕ್ಕೆ ಕುಸಿದಳು. ಅಬ್ಬುಲು ಸತ್ತ ದಿನದಿಂದ ಅವಳು ಅತ್ತಿರಲಿಲ್ಲ. ಮಂಗತಾಯಾರು ಅವಳ ತಲೆಯನ್ನು ತೊಡೆಯ ಮೇಲೆಳೆದುಕೊಂಡಳು. ಸೊಸೆ ಈ ಮನೆಗೆ ಬಂದ ಎಂಟು ವರ್ಷದಲ್ಲಿ ಅವಳ ತಲೆ ಸವರಿದ್ದು ಅದೇ ಮೊದಲು. ಸೊಸೆ ನಂಬಿದಳು, ಸುಳ್ಳು ನಿಂತಿತು.

ಮಗುವಿಗೆ ಯಾವ ಸುಳ್ಳು ಹೇಳುವುದೆಂದು ಮಾತ್ರ ಮಂಗತಾಯಾರುವಿಗೆ ತೋಚಲಿಲ್ಲ. ಮಂಗಳವಾರ ಲಾಸ್ಯಳಿಗೆ ಜಡೆ ಹಾಕಿ ತಾನೇ ಬಸ್ಸು ಹತ್ತಿಸಿದಳು. ಸುವಾರ್ತ ಮೇಡಂ ಎಲ್ಲ ಕೇಳಿ ಕೈಯಲ್ಲಿದ್ದ ಚಿತ್ರಗಳನ್ನು ಮೇಜಿನ ಮೇಲೆ ಕವುಚಿಟ್ಟರು. ಅವರ ಮುಖ ಬಿಳಿಚಿಕೊಂಡಿತ್ತು.

"ಕಾಯಬೇಕು ಅಂತ ಹೇಳಿಕೊಟ್ಟವಳು ನಾನು," ಎಂದರು.

"ಕಾಯಬಾರದ ಹೊತ್ತು ಯಾವುದು ಅಂತ ನಮಗೆ ಗೊತ್ತಿರಬೇಕಿತ್ತು ತಾಯಿ. ಅದು ನೀನು ಹೇಳಿಕೊಡೋದಲ್ಲ. ಈಗ ಏನು ಮಾಡ್ಲಿ ಅದನ್ನ ಹೇಳು."

"ಏನೂ ಕೇಳಬೇಡಿ. ಹೇಳು ಅಂತ ಮಾತ್ರ ಅನ್ನಬೇಡಿ. ಅವಳ ಜೊತೆ ಇರಿ. ಏನಾದ್ರೂ ಕೆಲಸ ಮಾಡ್ತಾ ಇರಿ, ಇಬ್ಬರೂ."

ಮಂಗತಾಯಾರುವಿಗೆ ಗೊತ್ತಿದ್ದ ಕೆಲಸ ಒಂದೇ. ದಿನವೂ ಬೆಳಗ್ಗೆ ಮೊಮ್ಮಗಳನ್ನು ಹಿತ್ತಲಿಗೆ ಕರೆದೊಯ್ದು ಎದುರು ಕೂರಿಸಿಕೊಳ್ಳುತ್ತಿದ್ದಳು. ಅಜ್ಜಿ ಚೀಲದ ಬಾಯಿ ಅಗಲಿಸಿ ಹಿಡಿದರೆ ಮೊಮ್ಮಗಳು ಬೊಗಸೆಯಲ್ಲಿ ಮಣ್ಣು ಸುರಿಯುತ್ತಿದ್ದಳು. ನಲವತ್ತು ವರ್ಷ ಒಂದು ಗಳಿಗೆ ಸುಮ್ಮನಿರದ ಹೆಂಗಸು ಬಾಯಿ ಬಿಗಿದು ಕೂರುವುದನ್ನು ನೋಡಿ ಬೇಲಿಯಾಚೆಯವರು ದುಃಖದಿಂದ ಬುದ್ಧಿಗೆ ಏನೋ ಆಗಿದೆಯೆಂದು ಮಾತಾಡಿಕೊಂಡರು. ಹೀಗೆ ಆಶ್ವಯುಜ ಕಳೆಯಿತು. ಶಾಲೆಯಿಂದ ಹೆಸರು ತೆಗೆದರು. ಕಾರ್ತೀಕ ಬಂತು.

ಒಂದು ಬೆಳಗ್ಗೆ ಚೀಲ ಅರ್ಧ ತುಂಬಿತ್ತು.

"ತಾತ ಕೂತ್ಕೊಂಡ," ಎಂದಳು ಲಾಸ್ಯ.

ಮಂಗತಾಯಾರು ತಲೆಯೆತ್ತಲಿಲ್ಲ. ಚೀಲದ ಬಾಯಿ ಹಿಡಿದೇ ಇದ್ದಳು.

"ಟವೆಲು ಕಟ್ಟಿದ. ಕಾಲಿಗೆ." ಇನ್ನೊಂದು ಬೊಗಸೆ ಮಣ್ಣು ಬಿತ್ತು. "ನಂದು... ನಂದು ಇದು ಹಿಡ್ಕೊಂಡ." ಮಣ್ಣಿನ ಕೈಯಿಂದ ತನ್ನ ಗಲ್ಲ ಮುಟ್ಟಿ ತೋರಿಸಿದಳು.

ಗಲ್ಲ ಎಂಬ ಮಾತು ಅಜ್ಜಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿದಳು.

"ಅಮ್ಮನ್ನ ಕರಿ ಅಂದ." ಹುಡುಗಿ ಕೈ ಉಜ್ಜಿಕೊಳ್ಳುತ್ತ ಬಹಳ ಹೊತ್ತು ಹುಡುಕಿದಳು. ಚೀಲ ತುಂಬಿ ಮಣ್ಣು ಹೊರಗೆ ಚೆಲ್ಲಿತ್ತು. "ಓಡಬೇಡ ಅಂದ. ಮಳೆ... ನೆಲ... ಜಾರ್ತೀಯ ಅಂದ. ಮೆಲ್ಲಗೆ ಹೋಗು ಅಂದ."

ಬಲೆಯ ಮೇಲೆ ಬಿದ್ದ ಎಲೆಯೊಂದು ಸರಿದು ಕೆಳಗಿಳಿಯಿತು. ಮನೆಯೊಳಗೆ ಸತ್ಯವೇಣಿ ಏನೋ ರುಬ್ಬುತ್ತಿದ್ದ ಸದ್ದು ಬರುತ್ತಿತ್ತು.

"ನಾನು ಓಡಲಿಲ್ಲ, ಅಜ್ಜಿ," ಎಂದಳು ಲಾಸ್ಯ. "ಮೆಲ್ಲಗೆ ಬಂದೆ."

ಮಂಗತಾಯಾರು ಚೀಲ ಬಿಟ್ಟು ಮೊಮ್ಮಗಳನ್ನು ಎಳೆದುಕೊಂಡಳು. ಅವಳ ಎರಡೂ ಕೈ ಕೆಸರಾಗಿದ್ದವು; ಹುಡುಗಿಯ ಬೆನ್ನಿನ ಬಟ್ಟೆಯೆಲ್ಲ ಮಣ್ಣಾಯಿತು.

"ಒಳ್ಳೇ ಕೆಲಸ ಮಾಡ್ದೆ ಕಣಮ್ಮ," ಎಂದಳು. ಮುಂದಿನ ಮಾತು ಹೊರಡಲಿಲ್ಲ. ಲಾಸ್ಯ ಅಜ್ಜಿಯ ತುಟಿಗಳನ್ನೇ ನೋಡುತ್ತ, ಅವಸರ ಮಾಡದೆ ಕಾದಳು.

"ತಾತ ಹೇಳಿದಂಗೇ ಮಾಡ್ದೆ ನೀನು."